ಹಗೇವಿನ ಬಾಯಿ

ನನಗಾಗ ಐವತ್ತೆಂಟು. ಹನ್ನೆರಡು ವರ್ಷದ ಹಿಂದಿನ ಮಾತು. ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಮಾವ ಬಿಟ್ಟುಹೋದ ವಾಡೆಯನ್ನು ನನ್ನ ಗಂಡ ಮತ್ತು ಅವರ ಅಣ್ಣ, ನನ್ನ ಭಾವ, ಎರಡು ಪಾಲು ಮಾಡಿಕೊಂಡರು. ಗೋಡೆ ಕಟ್ಟಲಿಲ್ಲ, ಅಂಗಳದ ನಡುವೆ ಸುಣ್ಣದ ಗೆರೆ ಎಳೆದರು. ಭಾವನ ಹೆಂಡತಿ ಆ ಗೆರೆ ದಾಟುವುದಿಲ್ಲವೆಂದು ಮನೆದೇವರ ಆಣೆ ಇಟ್ಟಳು. ಬಚ್ಚಲು ನಮ್ಮ ಕಡೆ ಇತ್ತು. ಎರಡು ತಿಂಗಳು ಪಕ್ಕದ ಮನೆಗೆ ಹೋಗಿ ಮೈ ತೊಳೆದುಕೊಂಡಳು.

ಜಗಳ ಉಳಿದದ್ದು ಹಗೇವಿನದು. ಜೋಳ ತುಂಬಲು ನೆಲದೊಳಗೆ ತೋಡಿದ ಆ ಗುಂಡಿಯ ಬಾಯಿ ನಮ್ಮ ಪಾಲಿಗೆ, ಹೊಟ್ಟೆ ಗೆರೆಯಾಚೆ ಅವರ ಪಾಲಿಗೆ. ಒಳಗೆ ಇಳಿದು ಅಲ್ಲೂ ಗೆರೆ ಎಳೆಯುತ್ತೇನೆಂದರು ಭಾವ. ನಾನು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡಿದೆ. ಮೂರು ಮೊಳ ಇಳಿಯುವುದರೊಳಗೆ ಆರಿತು. ಗಾಳಿ ಕೆಟ್ಟಿದೆ, ಇಳಿದವರು ಬದುಕುವುದಿಲ್ಲ ಎಂದು ಗಂಡನ ಬಾಯಲ್ಲಿ ಹೇಳಿಸಿದೆ. ಭಾವನ ಜೊತೆ ನಾನು ನೇರ ಮಾತಾಡುವ ಪದ್ಧತಿ ಇರಲಿಲ್ಲ.

"ಸುಳ್ಳ ಹೇಳ್ತಾಳ ನಿನ್ನ ಹೆಂಡ್ತಿ. ನನ್ನ ಹಿಸ್ಸಾ ನುಂಗಾಕ ನಿಂತಾಳ."

ನಾನು ರೊಟ್ಟಿ ಬಡಿಯಲು ಕೂತಾಗ ಭಾವ ಸುಣ್ಣದ ಡಬ್ಬಿ ಹಿಡಿದು ಹಗೇವಿಗೆ ಕಾಲು ಇಳಿಬಿಟ್ಟರು. ಅವರ ಹೊಟ್ಟೆ ಅದರ ಬಾಯಲ್ಲಿ ಸಿಕ್ಕಿಬಿತ್ತು. ಡಬ್ಬಿ ಕೈಬಿಟ್ಟು ಒಳಗೆ ಹೋಯಿತು.

"ಯಣ್ಣಾ, ಹಗೇವು ನಂದು ಅಂತ ಮೊದಲ ಒಪ್ಕೊ," ಅಂದರು ಗಂಡ. " ಆಮ್ಯಾಲ ಎಳೀತೀನಿ."

"ಮುಟ್ಟಬ್ಯಾಡ! ನನ್ನ ಕಾಲು ನನ್ನ ಹಿಸ್ಸಾದಾಗ ಅದಾವ."

"ಯವ್ವಾ, ಜಾರಾಕತ್ತಾರ!" ಎಂದು ಅವರ ಹೆಂಡತಿ ಗೆರೆಯಾಚೆ ನಿಂತು ಚೀರಿದಳು.

ಹೊಟ್ಟೆ ಕೆಳಗಿಳಿಯಿತು. ಎದೆ ಮಾತ್ರ ಹೊರಗಿತ್ತು. ಮುಖ ಕಪ್ಪಿಟ್ಟಿತು.

ಆ ಮನುಷ್ಯನ ಎದುರು ನಾನು ತಲೆಯ ಸೆರಗು ತೆಗೆದವಳಲ್ಲ. ಅವತ್ತು ಸೊಂಟಕ್ಕೆ ಸಿಕ್ಕಿಸಿದೆ. ಬಾವಿಹಗ್ಗ ತಂದು ಕಂಕುಳ ಕೆಳಗೆ ಬಿಗಿದೆ. ಸುತ್ತಲೂ ಶೇಂಗಾ ಎಣ್ಣೆ ಸುರಿದೆ.

"ಕೈ ಎತ್ತಬ್ಯಾಡ್ರಿ ಭಾವಾರ. ಬಾಯೀನೂ ಮುಚ್ಚರಿ."

ಹಗ್ಗದ ತುದಿ ಗೆರೆಯಾಚೆ ಎಸೆದೆ. "ಯಕ್ಕಾ, ಅಲ್ಲೇ ನಿಂತು ಎಳಿ." ಗಂಡ ಇನ್ನೂ ನಿಂತೇ ಇದ್ದರು. "ನೀವು ಹಗ್ಗ ಹಿಡೀತೀರೇನು, ಅಣ್ಣಾರ್ನ ಮಣ್ಣ ಮಾಡ್ತೀರೇನು?"

ಮೂವರೂ ಎಳೆದೆವು. ಮೂರನೇ ಸಲಕ್ಕೆ ಹೊರಗೆ ಬಂದರು, ಧೋತರವಿಲ್ಲದೆ. ಬಹಳ ಹೊತ್ತು ಕೆಮ್ಮಿದರು. ಆಮೇಲೆ ಅಂದರು, "ಧೋತರ ನನ್ನ ಹಿಸ್ಸಾದಾಗ ಬಿದ್ದೈತಿ. ಯಾರೂ ಮುಟ್ಟಬ್ಯಾಡ್ರಿ."

ಯಾರೂ ನಗಲಿಲ್ಲ. ಗಂಡ ಹೆಗಲ ಮೇಲಿನ ಟವೆಲ್ಲು ತೆಗೆದು ಅಣ್ಣನ ಸೊಂಟಕ್ಕೆ ಸುತ್ತಿದರು.

ಮರುದಿನ ಬೆಳಿಗ್ಗೆ ಎರಡು ಬುಟ್ಟಿ ಸಗಣಿ ಕಲಸಿ ಈ ಗೋಡೆಯಿಂದ ಆ ಗೋಡೆಯವರೆಗೆ ಅಂಗಳ ಸಾರಿಸಿದೆ. ಗೆರೆ ಅದರಡಿ ಹೋಯಿತು. ಆಮೇಲೆ ಬಚ್ಚಲ ಒಲೆಗೆ ತೊಗರಿಕಟ್ಟಿಗೆ ತುರುಕಿ ಎರಡು ಹಂಡೆ ನೀರು ಕಾಯಿಸಿದೆ, ನಮಗೊಂದು, ಅವರಿಗೊಂದು.