ಮೋರಿ ಮೇಲಿನ ದರ್ಜಿ ಪೊಕುವಾ

ಕುಮಾಸಿ ಪಟ್ಟಣದ ಆ ಬೀದಿಯಲ್ಲಿ ಪೊಕುವಾಳ ಅಂಗಡಿ ಹುಡುಕಲು ಕಣ್ಣು ಬೇಡ, ಮೂಗು ಸಾಕಿತ್ತು. ದೊಡ್ಡ ಮೋರಿಗೆ ಅಡ್ಡಲಾಗಿ ದಪ್ಪ ಹಲಗೆ, ಹಲಗೆಯ ಮೇಲೆ ನೀಲಿ ಬಣ್ಣದ ಮರದ ಗೂಡಂಗಡಿ, ಗೂಡಿನೊಳಗೆ ಹೊಲಿಗೆ ಮೆಷೀನು, ಮೆಷೀನಿನ ಹಿಂದೆ ಗೂಡು ತುಂಬುವಷ್ಟು ಪೊಕುವಾ. ಕೆಳಗೆ ಊರ ಕೊಳೆಯೆಲ್ಲ ಹರಿದುಹೋಗುತ್ತಿತ್ತು, ಮೇಲೆ ಊರ ಮದುವೆ, ನಾಮಕರಣ, ಸಾವು ಎಲ್ಲವೂ ಬಟ್ಟೆಯಾಗಿ ಹೊರಬರುತ್ತಿದ್ದವು. ಬೆಳಿಗ್ಗೆ ಬಂದವಳು ಮೊದಲು ಕೋಲು ಹಿಡಿದು ಹಲಗೆಯಡಿ ಸಿಕ್ಕಿದ ಕಸ ಬಿಡಿಸಿ ನೀರಿಗೆ ದಾರಿ ಮಾಡುವಳು, ಆಮೇಲೆ ಸೂಜಿಗೆ ದಾರ. ಬಟ್ಟೆಯ ಒಂದು ಚೂರನ್ನೂ ಮೋರಿಗೆ ಬಿಟ್ಟವಳಲ್ಲ, ಎಲ್ಲ ದಿಂಬಿನ ಹೊಟ್ಟೆಗೆ.

"ಏನೇ ಮೋರಿಯವಳೇ" ಎಂದು ಯಾರಾದರೂ ಕೆಣಕಿದರೆ, "ಹೂಂ ಕಣಪ್ಪ, ನಿಮ್ಮನೆ ಗುಟ್ಟೆಲ್ಲ ನನ್ನ ಕಾಲಡೀಲೇ ಹೋಗೋದು, ಹುಷಾರು" ಅನ್ನುವಳು.

ಒಂದು ಗುರುವಾರ ನಗರಸಭೆಯವರು ಬಂದು ಗೂಡಿನ ಬಾಗಿಲಿಗೆ ಕೆಂಪು ಬಣ್ಣ ಬಳಿದರು. ಮಳೆ ಬರುವ ಮೊದಲು ಮೋರಿ ಅಗಲ ಮಾಡಬೇಕು, ಸಂಜೆಯೊಳಗೆ ಗೂಡು ತೆಗೆಯದಿದ್ದರೆ ನಾಳೆ ಲಾರಿ ಬಂದು ಹೊತ್ತೊಯ್ಯುತ್ತದೆ. ಪೊಕುವಾ ಜಗಳಕ್ಕೆ ಹೋಗಲಿಲ್ಲ. ಹೋದ ಮಳೆಗಾಲದಲ್ಲಿ ಇದೇ ಮೋರಿ ಉಕ್ಕಿ, ಪಕ್ಕದಲ್ಲಿ ಅನ್ನ ಮಾರುವ ಮೈಮುನಾಳ ಒಲೆ ತೇಲಿಹೋದದ್ದನ್ನು ಅವಳೇ ನೋಡಿದ್ದಳು. ಆದರೆ ಗೂಡು ಹೋದರೆ ಅನ್ನವೂ ಹೋಯಿತು. ಸಾಲದ್ದಕ್ಕೆ ಶನಿವಾರಕ್ಕೆ ಕೊಡಬೇಕಾದ, ಸಾವಿನ ಮನೆಯ ಹೆಣ್ಣುಮಕ್ಕಳು ಉಡುವ ಬಟ್ಟೆಗಳು, ಕಪ್ಪು-ಕೆಂಪಿನ ರಾಶಿ, ಕತ್ತರಿಸಿ ಬಿದ್ದಿದ್ದವು.

ಎದುರಿಗೇ ಮುದುಕ ಆಂಪೊನ್ಸಾನ ದೊಡ್ಡ ಅಂಗಳ, ಗೂಡು ಇಡಲು ಬೇಕಾದಷ್ಟು ಜಾಗ. ತೀರಿಕೊಂಡಿದ್ದವಳು ಅವನ ಅಕ್ಕನೇ.

"ಅವರನ್ನ ಕೇಳ್ತೀಯಾ?" ಮೈಮುನಾ ಸೌಟು ಎತ್ತಿ ನಕ್ಕಳು. "ಆಯಪ್ಪ ತನ್ನ ಮೇಕೆಗೇ ಅಲ್ಲಿ ಮಲಗೋಕೆ ಬಿಡಲ್ಲ."

"ಮೇಕೆಗೆ ಹೊಲಿಯೋಕೆ ಬರಲ್ವಲ್ಲ!"

ಜಾಗ ಕೇಳಲು ಬರಿಗೈಲಿ ಹೋಗುವ ಹಾಗಿಲ್ಲ. ತೀರಿಹೋದ ಹಿರಿಯರಿಗೆಂದು ನೆಲಕ್ಕೆ ಎರೆಯಲು ಪೊಕುವಾ ಜಿನ್ ಬಾಟಲಿ ಹಿಡಿದೇ ಹೋದಳು.

"ನಾನಾ," ಎಂದಳು, ಊರ ಹಿರಿಯರನ್ನು ಕರೆಯುವ ಹಾಗೆ. "ನಾಳೆ ಲಾರಿ ಬಂದ್ರೆ ನಿಮ್ಮನೆ ಹೆಣ್ಮಕ್ಕಳು ಶನಿವಾರ ಹಳೇ ಬಟ್ಟೇಲಿ ಅಳಬೇಕು."

"ನಿನ್ನ ಮನೇಲಿ ಕೂತು ಹೊಲಿಯೇ."

"ಆ ಬಾಗಿಲಲ್ಲಿ ನಾನೇ ಅಡ್ಡಡ್ಡ ತೂರ್ತೀನಿ, ಮೆಷೀನು ಎಲ್ಲಿ ತೂರತ್ತೆ?"

ಮುದುಕನಿಗೆ ನಗು ಬಂತು. "ಶನಿವಾರದವರೆಗೆ ಮಾತ್ರ" ಎಂದ. ಅಷ್ಟರಲ್ಲಿ ಶಾಮಿಯಾನದವರು ಒಂದು ಕಡೆ, ಬೀಗರು ಒಂದು ಕಡೆ ಅವನನ್ನು ಕೂಗುತ್ತಿದ್ದರು. ಅದೇ ಅವಸರದಲ್ಲಿ ಬಾಟಲಿ ಬಿಚ್ಚಿ, ಚಪ್ಪಲಿ ಕಳಚಿ, ನೆಲಕ್ಕೆ ಜಿನ್ ಎರೆದ. "ಭೂಮಿತಾಯಿ, ಕುಡಿ. ಹಿರಿಯರೇ, ಕುಡಿಯಿರಿ. ಅಕ್ಕಾ, ನೀನೂ ಕುಡಿ. ಪೊಕುವಾ ನಮ್ಮ ಅಂಗಳದಲ್ಲಿ ಕೂರ್ತಾಳೆ. ಅವಳ ಕೈಗೆ ಬಲ ಕೊಡಿ. ಅವಳನ್ನ ಯಾರೂ ಎಬ್ಬಿಸದಿರಲಿ." ಸುತ್ತಲಿದ್ದವರೆಲ್ಲ ಹೂಂಗುಟ್ಟಿದರು. ಪೊಕುವಾ ಮಾತ್ರ ನೆಲ ಜಿನ್ ಹೀರುವುದನ್ನೇ ನೋಡುತ್ತಿದ್ದಳು.

ಸಂಜೆ ಬೀದಿಯ ಗ್ಯಾರೇಜಿನ ಗಂಡಸರು ಬಂದು, ಗೂಡು ಎತ್ತಲು ಅದರಡಿ ಮರದ ಗಳು ತೂರಿಸಿದರು.

"ಇಳಿಯಕ್ಕಾ!"

"ಇಳಿದ್ರೆ ಶನಿವಾರ ನೀವು ಹೊಲೀತೀರಾ? ಎತ್ರೋ!"

ಬೈದುಕೊಂಡೇ ಎತ್ತಿದರು. ಗೂಡು ತೂಗಾಡುತ್ತ ಬೀದಿ ದಾಟಿತು, ಒಳಗೆ ಪೊಕುವಾ ಕೊರಳಪಟ್ಟಿಗೆ ಕೈಹೊಲಿಗೆ ಹಾಕುತ್ತಿದ್ದಳು. ಮೈಮುನಾ ಪಾತ್ರೆಯ ಮುಚ್ಚಳವನ್ನು ಛತ್ರಿಯಂತೆ ಎತ್ತಿ ಹಿಡಿದು, "ರಾಣಿತಾಯಿ ಪಲ್ಲಕ್ಕಿ ಬಂತು, ದಾರಿ ಬಿಡ್ರೋ!" ಎಂದು ಮುಂದೆ ಕುಣಿದಳು. ಹೆಂಗಸರು ಕರವಸ್ತ್ರ ಬೀಸಿದರು.

ಶನಿವಾರ ಸಾವಿನ ಮನೆಯ ಹೆಣ್ಣುಮಕ್ಕಳು ಪೊಕುವಾ ಹೊಲಿದದ್ದನ್ನು ಉಟ್ಟು ಸಾಲಾಗಿ ನಡೆದುಬಂದಾಗ ಬೀದಿಯೇ ನಿಂತು ನೋಡಿತು. ಸೋಮವಾರ ಮುದುಕ ಗೂಡಿನ ಮುಂದೆ ಬಂದು ಕೆಮ್ಮಿದ.

"ಶನಿವಾರ ಆಯ್ತಲ್ಲ, ಪೊಕುವಾ."

"ಆಯ್ತು ನಾನಾ, ಚೆನ್ನಾಗೇ ಆಯ್ತು."

"ಮತ್ತೆ ಗೂಡು?"

ಪೊಕುವಾ ಕಾಲು ನಿಲ್ಲಿಸಲಿಲ್ಲ, ಮೆಷೀನು ಓಡುತ್ತಲೇ ಇತ್ತು. "ನನಗೆ ಶನಿವಾರ ಅಂದ್ರಿ. ಜಿನ್ ಎರೆದು ಹಿರಿಯರಿಗೆ ಏನಂದ್ರಿ?"

ಮುದುಕ ಜಿನ್ ಎರೆದ ಜಾಗದ ಕಡೆ ತಿರುಗಿದ. ಯಾರೂ ಎಬ್ಬಿಸದಿರಲಿ. ಅವನದೇ ಬಾಯಿ, ಅವನದೇ ಮಾತು, ಅದರಲ್ಲಿ ಶನಿವಾರದ ಸುದ್ದಿಯೇ ಇರಲಿಲ್ಲ. ಆ ನೆಲ ಕುಡಿದಾಗಿತ್ತು, ಅಕ್ಕ ಕೇಳಿಸಿಕೊಂಡಾಗಿತ್ತು.

"ಬೇಕಾದ್ರೆ ಇನ್ನೊಂದು ಬಾಟಲಿ ತರ್ತೀನಿ, ಅಕ್ಕನನ್ನೇ ಕೇಳಿ" ಎಂದಳು ಪೊಕುವಾ. "ತನ್ನ ಮಕ್ಕಳು ಎಷ್ಟು ಚಂದ ಕಂಡ್ರು ಅಂತ ಅವರೂ ನೋಡಿರ್ತಾರೆ."

ಆಂಪೊನ್ಸಾ ಗಡ್ಡ ಕೆರೆದುಕೊಂಡು ತನ್ನ ಕಿಟಕಿಯ ಕಡೆ ನೋಡಿದ. ಕೊನೆಗೆ, "ಗೂಡು ನನ್ನ ಕಿಟಕಿಗೆ ಅಡ್ಡ ಇದೆ. ಅತ್ಲಾಗೆ ಸ್ವಲ್ಪ ಸರಿಸು" ಎಂದ.

"ಆಗಲಿ ನಾನಾ, ಗ್ಯಾರೇಜಿನವರನ್ನ ಕರೀತೀನಿ." ಪೊಕುವಾ ದಾರ ಕಚ್ಚಿ ತುಂಡರಿಸಿದಳು. "ನಾನು ಮಾತ್ರ ಇಳಿಯಲ್ಲ!"