ಹಿರಿಸೊಸೆ ಹೇಳದ ತಂತಿ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು ಹಿರಿಸೊಸೆಯ ಕೆಲಸ. ಅಳತೆಗೆ ತಕ್ಕಂತೆ ಉಜ್ಜಿ, ಅಂಚು ಸವರಿ, ಫ್ರೇಮಿಗೆ ಕೂರಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಾಕಿಕೊಂಡವರಿಗೆ ತಲೆನೋವು. ಹವಾಯಿ ದ್ವೀಪಗಳ ಸ್ಲ್ಯಾಕ್ ಕೀ ಗಿಟಾರನ್ನೂ ಆಕೆ ಅದೇ ಶಿಸ್ತಿನಿಂದ ಕಲಿತಳು. ಗುರು ಯಾರೂ ಇಲ್ಲ, ಫೋನಿನ ವಿಡಿಯೋಗಳು ಅಷ್ಟೇ. ಈ ಪದ್ಧತಿಯಲ್ಲಿ ಕೆಲವು ತಂತಿಗಳನ್ನು ಮಾಮೂಲಿಗಿಂತ ಸಡಿಲ ಬಿಡುತ್ತಾರೆ. ಹೆಬ್ಬೆರಳು ಕೆಳಸ್ವರಗಳಲ್ಲಿ ನಡೆ ಹಿಡಿದಿರುತ್ತದೆ, ಉಳಿದ ಬೆರಳುಗಳು ಮೇಲೆ ಹಾಡು ಕಟ್ಟುತ್ತವೆ. ಯಾವ ತಂತಿ ಎಷ್ಟು ಸಡಿಲ ಎನ್ನುವುದರಲ್ಲೇ ಎಲ್ಲ ಇದೆ. ಹಿಂದೆ ಅಲ್ಲಿನ ಮನೆತನಗಳು ಅದನ್ನು ಹೊರಗಿನವರಿಗೆ ಬಿಟ್ಟುಕೊಡುತ್ತಿರಲಿಲ್ಲವಂತೆ. ಈ ಸಂಗತಿ ಆಕೆಗೆ ಬಹಳ ಹಿಡಿಸಿತ್ತು.

ಕಾರಣ ಮೈದುನನ ಹೆಂಡತಿ. ಮದುವೆಯಾಗಿ ಬರುವಾಗಲೇ ಅವಳೂ ಒಂದು ಗಿಟಾರ್ ತಂದಿದ್ದಳು. ಒಮ್ಮೆ ಕಿವಿಗೆ ಬಿದ್ದ ಹಾಡು ಮರುದಿನ ಅವಳ ಕೈಯಲ್ಲಿರುತ್ತಿತ್ತು. "ದೊಡ್ಡೋಳು ಗಿಟಾರ್ ರಿಪೇರಿ ಮಾಡ್ತಾಳೆ, ಚಿಕ್ಕೋಳು ನುಡಿಸ್ತಾಳೆ," ಎಂದು ಅತ್ತೆ ನಕ್ಕಿದ್ದರು. ಆ ಮಾತು ಹಿರಿಸೊಸೆಯ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತು. ಅಂದಿನಿಂದ ನುಡಿಸಿ ಮುಗಿದ ಕೂಡಲೇ ಸಡಿಲಿಸಿದ ತಂತಿಗಳನ್ನೆಲ್ಲ ಮೊದಲಿನಂತೆ ಬಿಗಿದೇ ಗಿಟಾರ್ ಕೆಳಗಿಡುತ್ತಿದ್ದಳು.

"ಅಕ್ಕಾ, ಯಾವ್ಯಾವ ತಂತಿ ಬಿಡ್ತೀರಾ?"

"ನಿಂಗ್ಯಾಕಮ್ಮಾ ಈ ಉಸಾಬರಿ? ನಿನ್ನ ಸಿನಿಮಾ ಹಾಡು ನೀನು ನುಡಿಸ್ಕೋ."

ಆದರೂ ಕಿರಿಯಳು ಬರೀ ಕಿವಿಯಿಂದಲೇ ಮೂರು ತಂತಿಗಳನ್ನು ಪತ್ತೆ ಹಚ್ಚಿದಳು. ಇನ್ನೂ ಒಂದಿತ್ತು. ನಡುವಿನದು, ಅರ್ಧ ಸ್ವರದಷ್ಟೇ ಸಡಿಲ. ಅದೊಂದು ಸಿಗಲಿಲ್ಲ.

ಜೊತೆಗೆ ನುಡಿಸುವವರು ಯಾರಾದರೂ ಸಿಕ್ಕರೆ ತಿಳಿಸಿ ಎಂದು ಹಿರಿಯಳು ವಾದ್ಯದಂಗಡಿಯಲ್ಲಿ ಹೇಳಿಟ್ಟಿದ್ದಳು. ಬಹಳ ಕಾದ ಮೇಲೆ ಒಬ್ಬ ಬಸ್ ಡ್ರೈವರ್ ಸಿಕ್ಕ. ನಾಲ್ಕೇ ತಂತಿಯ ಪುಟ್ಟ ಯುಕುಲೇಲಿ ನುಡಿಸುವವನು. ಭಾನುವಾರ ಸಂಜೆ ಮನೆಗೆ ಬಂದ. ಕರೆಯದಿದ್ದರೂ ಕಿರಿಯಳು ಗಿಟಾರ್ ಹಿಡಿದು ಬಂದು ಕೂತಳು.

"ಎರಡು ಗಿಟಾರಾ! ನಂಗೆ ಲಾಟರಿ ಹೊಡೀತು ಬಿಡಿ," ಎಂದ ಡ್ರೈವರ್.

ಮೂವರೂ ಶುರು ಮಾಡಿದರು. ಸ್ವಲ್ಪ ಹೊತ್ತಿಗೇ ಅವನು ನಿಲ್ಲಿಸಿದ. "ಎಲ್ಲೋ ಕಚ್ಚಾಡ್ತಿದೆ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ."

"ನಂದೇ ಇರ್ಬೇಕು," ಎಂದು ಕಿರಿಯಳು ಮುಖ ಸಣ್ಣ ಮಾಡಿಕೊಂಡು ಗಿಟಾರನ್ನು ಪಕ್ಕಕ್ಕಿಟ್ಟಳು. "ನೀವಿಬ್ರೇ ನುಡಿಸಿ ಅಕ್ಕಾ. ಇದು ನನ್ನ ಕೈಲಾಗಲ್ಲ."

ಹಿರಿಯಳಿಗೆ ಬೇಕಾಗಿದ್ದೂ ಅದೇ. ಒಂದೂ ತಪ್ಪಿಲ್ಲದೆ ಪೂರ್ತಿ ನುಡಿಸಿ ತಲೆಯೆತ್ತಿದಳು.

"ಚೆನ್ನಾಗಿತ್ತು ಮೇಡಂ. ಆದ್ರೆ ನೀವೊಬ್ರೇ ಎಲ್ಲಾ ತುಂಬಿಬಿಡ್ತೀರಿ, ನಂಗೆ ಜಾಗವೇ ಇಲ್ಲ. ಎರಡು ಗಿಟಾರ್ ಹಂಚ್ಕೊಂಡ್ರೆ ನಾನೂ ನಡುವೆ ತೂರ್ಕೋಬಹುದಿತ್ತು," ಎನ್ನುತ್ತಾ ಅವನು ಯುಕುಲೇಲಿಯನ್ನು ಚೀಲಕ್ಕೆ ಹಾಕತೊಡಗಿದ.

ಅವನು ಎದ್ದು ಹೋದರೆ ಮತ್ತೆ ಫೋನು, ತಾನು, ಗೋಡೆ. ಹಿರಿಯಳು ಕಿರಿಯಳ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ನಡುವಿನ ತಂತಿಯ ಬಿರಡೆಯನ್ನು ಸ್ವಲ್ಪ ತಿರುಗಿಸಿದಳು.

"ಇದೂ ಇತ್ತಾ?"

"ಇತ್ತು."

"ಎಷ್ಟು ಸಲ ಕೇಳಿದ್ದೆ ಅಕ್ಕಾ!"

"ನೀನು ಕೇಳ್ತಾನೇ ಇದ್ದೆ. ಅದಕ್ಕೇ ಹೇಳಲಿಲ್ಲ. ಈಗ ಸುಮ್ನೆ ನುಡಿಸು."

ಡ್ರೈವರ್ ಮತ್ತೆ ಕೂತ. ಈ ಸಲ ಎಲ್ಲೂ ಕಚ್ಚಾಡಲಿಲ್ಲ. ಹಿರಿಯಳು ಚಳಿಗಾಲವಿಡೀ ಹೆಣಗಿ ಕಲಿತ ತಿರುವನ್ನು ಕಿರಿಯಳು ನೀರು ಕುಡಿದಷ್ಟು ಸುಲಭವಾಗಿ ದಾಟಿದಳು. "ಶಭಾಷ್!" ಎಂದು ಡ್ರೈವರ್ ಕೂಗಿದ್ದು ಅವಳಿಗೇ. ಹಿರಿಯಳಿಗೆ ಮೈಯೆಲ್ಲ ಉರಿಯಿತು, ಆದರೂ ಹೆಬ್ಬೆರಳನ್ನು ನಿಲ್ಲಿಸಲಿಲ್ಲ. ತನ್ನ ಸ್ವರಕ್ಕೆ ಪಕ್ಕದಿಂದ ಉತ್ತರ ಬರುತ್ತಿತ್ತು.

ಮುಗಿದ ಮೇಲೆ, "ಮುಂದಿನ ಭಾನುವಾರ ಎಷ್ಟೊತ್ತಿಗೆ ಬರ್ತೀರಿ?" ಎಂದು ಡ್ರೈವರನ್ನು ಕೇಳಿದವಳು ಹಿರಿಯಳೇ. ಕಿರಿಯಳ ಕಡೆ ನೋಡದೆ ಸೇರಿಸಿದಳು:

"ನೀನು ಎಡಗೈ ಉಗುರು ಕತ್ತರಿಸ್ಕೊಂಡು ಬಾ. ಕೆರೆಯೋ ಸದ್ದು ಕೇಳಿಸ್ತು."