ಜಯಾ ನರ್ಸ್ ಟ್ರೈನಿಂಗಿಗೆ ಹೋದದ್ದು

ಆ ಕಾಲದಲ್ಲಿ ನಮ್ಮ ಹೊನ್ನವಳ್ಳಿ ಕಡೆ ಎಸ್ಸೆಸ್ಸೆಲ್ಸಿಗೆ ಬಂದ ಹುಡುಗಿಯನ್ನು "ಮುಂದೇನು ಓದ್ತೀಯ?" ಎಂದು ಯಾರೂ ಕೇಳುತ್ತಿರಲಿಲ್ಲ. "ಎಲ್ಲಿಗೆ ಕೊಡ್ತಾರಂತೆ?" ಎಂದು ಮನೆಯವರನ್ನು ಕೇಳುತ್ತಿದ್ದರು. ಎಂಬತ್ತರ ಆಸುಪಾಸಿನ ಮಾತು ಇದು. ಸಂಕ್ರಾಂತಿ ಕಳೆದು ಪರೀಕ್ಷೆ ಹತ್ತಿರವಾಗುತ್ತಿತ್ತು. ನಾನೂ ನನ್ನ ಗೆಳತಿ ಜಯಾಳೂ ಅವಳ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಕೂತು ಓದುತ್ತಿದ್ದೆವು. ಒಣಗುತ್ತಿದ್ದ ಕೊಬ್ಬರಿಯ ಸಿಹಿಯಾದ ಎಣ್ಣೆವಾಸನೆ ಪುಸ್ತಕಕ್ಕೂ ಹತ್ತಿಕೊಳ್ಳುತ್ತಿತ್ತು. ಬೇಸರವಾದರೆ ಅಂಗಳದಲ್ಲಿ ಕರಟದ ಚೂರು ಎಸೆದು ಕುಂಟೆಬಿಲ್ಲೆ ಆಡುತ್ತಿದ್ದೆವು.

ಜಯಾಳಿಗೆ ತಾಯಿ ಇರಲಿಲ್ಲ. ಅಜ್ಜಿ ನಡುಮನೆಯಲ್ಲಿ ಮಲಗಿದ್ದಲ್ಲೇ ಇದ್ದರು. ಸಕ್ಕರೆ ಕಾಯಿಲೆಯಿಂದ ಅವರ ಕಾಲಿನಲ್ಲಿ ಮಾಯದ ಹುಣ್ಣು. ದಿನಾ ಬೇವಿನೆಲೆ ಕುದಿಸಿದ ನೀರಿನಲ್ಲಿ ಅದನ್ನು ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಜಯಾ.

ನಮಗೆ ವಿಜ್ಞಾನ ಪಾಠ ಹೇಳುತ್ತಿದ್ದ ಶಾಂತಾ ಮಿಸ್ಸು ಒಂದು ಸಂಜೆ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, "ನಿಮಗೆ ಏನಾಗ್ಬೇಕು ಅಂತ ಆಸೆ?" ಎಂದು ಕೇಳಿದರು. ನಾನು ಜಯಾಳ ಮುಖ ನೋಡಿದೆ. ಜಯಾ ನೆಲ ನೋಡುತ್ತಾ, "ನರ್ಸಾಗ್ಬೇಕು ಮಿಸ್" ಎಂದಳು.

"ಹಂಗಾದ್ರೆ ಆ ಕೆಲ್ಸ ಹೆಂಗಿರುತ್ತೆ ಅಂತ ಮೊದ್ಲು ಕಣ್ಣಾರೆ ನೋಡು."

ಮುಂದಿನ ಶನಿವಾರ ಅವರೇ ನಮ್ಮನ್ನು ತಿಪಟೂರಿನ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರ ಪರಿಚಯದ ಸಿಸ್ಟರೊಬ್ಬರು ಸುಟ್ಟ ಗಾಯದ ಮಗುವಿಗೆ ಬ್ಯಾಂಡೇಜು ಬದಲಿಸುತ್ತಿದ್ದರು. ಅಂಟಿಕೊಂಡ ಬಟ್ಟೆ ಬಿಡಿಸಿದಾಗ ಮಗು ಚೀರಿತು. ಫಿನಾಯಿಲ್ ವಾಸನೆಗೋ ಆ ಚೀರಾಟಕ್ಕೋ ನನಗೆ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿ ಕುಸಿದೆ. ಜಯಾ ಮಾತ್ರ ಯಾರೂ ಹೇಳದೆಯೇ ಮುಂದೆ ಹೋಗಿ ಮಗುವಿನ ಕೈ ಹಿಡಿದು, "ಮುಗೀತು ಕಣಪ್ಪ, ಇನ್ನೇನು ಮುಗೀತು" ಎನ್ನುತ್ತಿದ್ದಳು.

ಬಸ್ಸಿನಲ್ಲಿ ಮಿಸ್ಸು, "ಭಯ ಆಯ್ತಾ?" ಎಂದು ಕೇಳಿದರು.

"ಅಳು ಬಂತು ಮಿಸ್. ಆದ್ರೆ ಬುಟ್ಟು ಬರಕ್ಕೆ ಮನಸಾಗ್ಲಿಲ್ಲ" ಎಂದಳು ಜಯಾ.

ಮಾರನೆಯ ದಿನವೇ ಮಿಸ್ಸು ಅವಳ ಮನೆಗೆ ಬಂದರು. ಜಯಾಳ ಅಪ್ಪ ಚನ್ನಬಸಪ್ಪನವರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ವಿಷಯ ಕೇಳುತ್ತಲೇ ಅವರ ಮುಖ ಕೆಂಪಾಯಿತು.

"ಏನ್ ಮಾತಾಡ್ತೀರಿ ಮೇಡಂ? ಊರೋರ ಕೀವು ರಕ್ತ ತೊಳೆಯಕ್ಕೆ ನನ್ ಮಗಳನ್ನ ಕಳಿಸ್ಲಾ? ನಮಗೆ ಮಾನ ಮರ್ಯಾದೆ ಬ್ಯಾಡ್ವಾ? ಗಂಡು ಗೊತ್ತಾಗೈತೆ, ಬುಡಿ."

ಮಿಸ್ಸು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಜ್ಜಿಯ ದನಿ ಬಂತು. "ಲೇ ಚನ್ನಾ, ದಿನಾ ನನ್ ಕೀವು ತೊಳೀತಾಳಲ್ಲೋ, ಆವಾಗೆಲ್ಲಿ ಹೋಗಿತ್ತು ನಿನ್ ಮಾನ?"

"ಅದು ಮನೆ ಕೆಲ್ಸ ಕಣವ್ವ. ಅವಳು ಹೋದ್ರೆ ನಿನ್ನ ನೋಡೋರು ಯಾರು?"

"ನಾನು ಇವತ್ತೋ ನಾಳೆಯೋ ಹೋಗೋಳು. ನನ್ ಕಾಲಿಗೆ ಆ ಮಗೀನ ಬಾಳು ಕಟ್ಟಾಕಬ್ಯಾಡ. ಕಳಿಸು."

ಚನ್ನಬಸಪ್ಪನವರು ಕೈಯಲ್ಲಿದ್ದ ಕಾಯನ್ನು ಸುಲಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ಅವತ್ತು ಅವರು ಹ್ಞೂಂ ಎನ್ನಲಿಲ್ಲ. ಆದರೆ ಫಲಿತಾಂಶ ಬಂದ ಮೇಲೆ, ಗಂಡಿನ ಕಡೆಯವರಿಗೆ ಬೇಡವೆಂದು ಹೇಳಿ ಕಳಿಸಿದರು.

ನರ್ಸ್ ಟ್ರೈನಿಂಗಿಗೆಂದು ತುಮಕೂರಿಗೆ ಹೊರಡುವ ಮುಂಚೆ ಜಯಾ ಅಪ್ಪನಿಗೆ ಗಾಯ ಕಟ್ಟುವುದನ್ನು ಕಲಿಸಿದಳು. ಕಾಯಿ ಸುಲಿದು ಒರಟಾದ ಆ ಕೈಗಳು ತಾಯಿಯ ಹುಣ್ಣಿಗೆ ಅಂಟಿದ ಬಟ್ಟೆಯನ್ನು ಜೋರಾಗಿ ಎಳೆದುಬಿಡುತ್ತಿದ್ದವು. "ಮೆತ್ತಗೆ ಅಪ್ಪ, ಎಳೀಬ್ಯಾಡ" ಎನ್ನುತ್ತಿದ್ದಳು ಅವಳು. ಅಜ್ಜಿ ನೋವು ನುಂಗಿಕೊಂಡು, "ಪರವಾಗಿಲ್ಲ ಕಣ್ಲಾ, ಕಲ್ತೀಯ" ಎಂದರು. ಚನ್ನಬಸಪ್ಪನವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಅಷ್ಟು ದೊಡ್ಡ ಗಂಡಸು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಜಯಾಳ ಟ್ರೈನಿಂಗ್ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡರು. ಕೊನೆಯ ದಿನದವರೆಗೂ ಅವರ ಕಾಲು ತೊಳೆದದ್ದು ಮಗನೇ.

ಜಯಾ ಮುಂದೆ ಎಷ್ಟೋ ಊರುಗಳ ಆಸ್ಪತ್ರೆಗಳಲ್ಲಿ ದುಡಿದಳು. ಈಗ ಶಾಲೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಮಾರ್ಗದರ್ಶನ ಶಿಬಿರಗಳಾಗುತ್ತವೆ, ಪರದೆಯ ಮೇಲೆ ಸಾಲುಸಾಲು ಕೋರ್ಸುಗಳ ಹೆಸರುಗಳು ಬರುತ್ತವೆ. ಒಳ್ಳೆಯದೇ. ಆದರೆ ಒಂದು ಮಗುವಿನ ಆಸೆಯ ಬೆನ್ನುಹತ್ತಿ ಬಸ್ಸು ಹತ್ತುವ, ಅದರ ಮನೆಯ ಅಂಗಳದಲ್ಲಿ ನಿಂತು ಬೈಸಿಕೊಳ್ಳುವ ಮೇಷ್ಟ್ರುಗಳು ನನಗೆ ಕಾಣುವುದಿಲ್ಲ.

ಶಾಂತಾ ಮಿಸ್ಸು ಆ ವರ್ಷವೇ ವರ್ಗವಾಗಿ ದೂರದ ಊರಿಗೆ ಹೋದರು. ಜಯಾ ಬಿಳಿ ಸೀರೆ ಉಟ್ಟು ಡ್ಯೂಟಿಗೆ ನಿಂತದ್ದನ್ನು ಅವರು ನೋಡಲೇ ಇಲ್ಲ.